ಮಾವನವರ ಶುಗರ್, ಮಗುವಿನ ವಾಂತಿ: ಚೈನೀಸ್ ಬಫೆಯಲ್ಲಿ ತಪ್ಪು ಯಾರದ್ದು?

ಪ್ರಶ್ನೆ: ನಾವಿರುವುದು ಅಮೆರಿಕದ ಓಹಾಯೋದಲ್ಲಿ. ಹೋದ ವರ್ಷ ಅತ್ತೆ ಮಾವ ಬಂದಿದ್ದಾಗ ಒಂದು ದೊಡ್ಡ ಚೈನೀಸ್ ಬಫೆಗೆ ಕರೆದುಕೊಂಡು ಹೋಗಿದ್ದೆವು. ತಲೆಗೆ ಇಷ್ಟು ಅಂತ ರೇಟು, ಎಷ್ಟು ಬೇಕಾದರೂ ತಿನ್ನಬಹುದು. ಮಾವನವರಿಗೆ 68 ವರ್ಷ. ಶುಗರ್, ಬಿಪಿ ಎರಡೂ ಇದೆ. ಬೆಳಿಗ್ಗೆ ಗ್ಲಿಮೆಪಿರೈಡ್, ಜೊತೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ರಾತ್ರಿ ಬಫೆ ಇದೆಯಲ್ಲ ಅಂತ ಅವತ್ತು ಮಧ್ಯಾಹ್ನದ ಊಟ ಬಿಟ್ಟರು. ಕಾರಿನಲ್ಲಿ ಹೋಗುವಾಗ ಕೈ ನಡುಗುತ್ತಿದೆ, ಬೆವರುತ್ತಿದೆ ಅಂದರು. ಹಸಿವಿಗೆ ಅಂತ ನಾವೂ ಸುಮ್ಮನಾದೆವು. ಅಲ್ಲಿ ನಾಲ್ಕು ಪ್ಲೇಟ್ ತಿಂದರು. ಮನೆಗೆ ಬಂದ ಮೇಲೆ ವಿಪರೀತ ಬಾಯಾರಿಕೆ, ತಲೆನೋವು. ಬೆಳಿಗ್ಗೆ ಕಾಲು ಊದಿತ್ತು, ಖಾಲಿ ಹೊಟ್ಟೆಯ ಶುಗರ್ 230. ಅದೇ ರಾತ್ರಿ ನಮ್ಮ ಆರು ವರ್ಷದ ಮಗ ಊಟವಾಗಿ ಮೂರು ಗಂಟೆಗೆ ಎರಡು ಸಲ ವಾಂತಿ ಮಾಡಿದ. ಬೆಳಿಗ್ಗೆ ಹೊತ್ತಿಗೆ ಸರಿಹೋದ. ಅವನು ತಿಂದಿದ್ದು ಫ್ರೈಡ್ ರೈಸ್ ಮತ್ತು ಐಸ್‌ಕ್ರೀಮ್ ಮಾತ್ರ. ಎಲ್ಲ ಅಜಿನೊಮೊಟೊ ಮಹಿಮೆ ಅಂತ ಗೆಳತಿಯರು ಹೇಳಿದರು. ಅಲ್ಲಿ ನಿನ್ನೆ ಉಳಿದದ್ದನ್ನೇ ಇವತ್ತು ಇಡುತ್ತಾರೆ ಅಂದವರೂ ಇದ್ದಾರೆ. ಈ ಬೇಸಿಗೆಗೆ ಅವರು ಮತ್ತೆ ಬರುತ್ತಿದ್ದಾರೆ. ಮಾವನವರಿಗೆ ಅಲ್ಲಿಗೇ ಹೋಗಬೇಕಂತೆ. ಹೋಗಬಹುದೇ? ಅತ್ತೆ ಮಾಂಸ ಮುಟ್ಟುವುದಿಲ್ಲ, ಅವರಿಗೆ ಅಲ್ಲಿ ಏನು ಸಿಗುತ್ತದೆ? ಮತ್ತೆ, "ದುಡ್ಡು ಕೊಟ್ಟ ಮೇಲೆ ವಸೂಲಿ ಮಾಡಬೇಕಲ್ವಾ" ಅನ್ನುವ ಮಾವನವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ. ಮೂರನ್ನೂ ಒಂದೇ ಗಂಟು ಕಟ್ಟಿ ಅಜಿನೊಮೊಟೊ ತಲೆಗೆ ಹೊರಿಸಿದ್ದೀರಿ. ನನಗೆ ಅನಿಸುವ ಪ್ರಕಾರ ಅದು ಮೂರರಲ್ಲೂ ಅಪರಾಧಿಯಲ್ಲ. ಈಗ ನಾನು ಡಯಟಿಷಿಯನ್. ಅದಕ್ಕೂ ಮುಂಚೆ ಕೆಲವು ವರ್ಷ ಒಂದು ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಆರೋಗ್ಯ ಇಲಾಖೆಗೆ ಹೋಟೆಲ್ ಅಡುಗೆಮನೆಗಳನ್ನು ತಪಾಸಣೆ ಮಾಡುತ್ತಿದ್ದೆ. ಹಾಗಾಗಿ ಬಫೆಯ ಟ್ರೇಗೆ ಥರ್ಮಾಮೀಟರ್ ಚುಚ್ಚಿಯೂ ಗೊತ್ತು, ಮರುದಿನ ಶುಗರ್ ಚಾರ್ಟ್ ಹಿಡಿದು ಬರುವವರನ್ನು ನೋಡಿಯೂ ಗೊತ್ತು.

ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ನಾಲ್ಕು ಪ್ಲೇಟಿನ ಮೇಲೂ ಅಲ್ಲ, ವಾಂತಿಯ ಮೇಲೂ ಅಲ್ಲ. ಕಾರಿನಲ್ಲಿ ಕೈ ನಡುಗಿದ್ದರ ಮೇಲೆ.

ಗ್ಲಿಮೆಪಿರೈಡ್ ಕೆಲಸವೇ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವುದು. ನೀವು ಊಟ ಮಾಡಿದಿರೋ ಬಿಟ್ಟಿರೋ ಅಂತ ಅದು ಕೇಳುವುದಿಲ್ಲ. ಬೆಳಿಗ್ಗೆ ಮಾತ್ರೆ ನುಂಗಿ ಮಧ್ಯಾಹ್ನ ಊಟ ಬಿಟ್ಟರೆ ಸಂಜೆ ಹೊತ್ತಿಗೆ ಶುಗರ್ ಇಳಿಯಬಹುದು. ನಡುಕ, ಬೆವರು, ತಡೆಯಲಾರದ ಹಸಿವು, ಸಿಡಿಮಿಡಿ ಇವೆಲ್ಲ ಅದರ ಲಕ್ಷಣ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಹೀಗಾಗುವುದು ಅಪರೂಪ. ಗ್ಲಿಮೆಪಿರೈಡ್ ಜೊತೆಗಿದ್ದರೆ ಹಾಗೆ ಹೇಳಲಾಗುವುದಿಲ್ಲ. ಆಮೇಲಿನ ನಾಲ್ಕು ಪ್ಲೇಟಿಗೂ ಇದಕ್ಕೂ ನಂಟಿರಬಹುದು. ಶುಗರ್ ಇಳಿದ ಮೈ ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನಿಸುತ್ತದೆ. ಅದನ್ನು ಬರೀ ಬಾಯಿಚಪಲ ಅನ್ನಲು ನನಗೆ ಮನಸ್ಸಿಲ್ಲ.

ಮುಂದೆ ಹೀಗಾದರೆ ಮೊದಲು ಗ್ಲುಕೋಮೀಟರ್ ತೆಗೆಯಿರಿ. 70ಕ್ಕಿಂತ ಕಡಿಮೆ ಇದ್ದರೆ ಅರ್ಧ ಕಪ್ ಹಣ್ಣಿನ ಜ್ಯೂಸ್, ಇಲ್ಲವೇ ಮೂರು ನಾಲ್ಕು ಗ್ಲೂಕೋಸ್ ಮಾತ್ರೆ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಚಾಕೊಲೇಟ್ ಬೇಡ. ಅದರಲ್ಲಿರುವ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಮೀಟರ್ ಹತ್ತಿರ ಇಲ್ಲದಿದ್ದರೆ ಜ್ಯೂಸ್ ಕೊಟ್ಟೇ ಬಿಡಿ, ಕಾಯಬೇಡಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕದೆ ತುರ್ತು ಸಹಾಯದ 911ಕ್ಕೆ ಫೋನ್ ಮಾಡಿ. ಇದರ ಜೊತೆಗೇ ಇನ್ನೊಂದು ಮಾತು. "ಇವತ್ತು ಬಫೆ, ಒಂದು ಮಾತ್ರೆ ಜಾಸ್ತಿ ನುಂಗಿಬಿಡ್ತೀನಿ" ಅನ್ನುವ ಹಿರಿಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದಕ್ಕೆ ಖಂಡಿತ ಬಿಡಬೇಡಿ. ಬಂದ ವಾರದಲ್ಲೇ ಅವರ ಡಾಕ್ಟರಿಗೆ ಫೋನ್ ಮಾಡಿಸಿ, ಹೋದ ವರ್ಷದ ನಡುಕದ ವಿಷಯ ಹೇಳಿಸಿ. ಪ್ರಯಾಣ, ಹೊತ್ತು ತಪ್ಪಿದ ಊಟ ಇರುವಾಗ ಡೋಸ್ ಬದಲಿಸಬೇಕೋ ಬೇಡವೋ ಅನ್ನುವುದು ಅವರು ತೀರ್ಮಾನಿಸಬೇಕಾದ್ದು.

ಇನ್ನು ಅಜಿನೊಮೊಟೊಗೆ ಬರೋಣ. ಪಾಪ, ಅದರ ಕಥೆ ದೊಡ್ಡದು. 1908ರಲ್ಲಿ ಟೋಕಿಯೋದ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡಾ ಕೊಂಬು ಅನ್ನುವ ಸಮುದ್ರಪಾಚಿಯ ಸಾರಿಗೆ ಅಷ್ಟು ರುಚಿ ಎಲ್ಲಿಂದ ಬರುತ್ತದೆ ಅಂತ ಹುಡುಕುತ್ತಾ ಗ್ಲುಟಮೇಟ್ ಅನ್ನು ಬೇರ್ಪಡಿಸಿದರು. ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಮರುವರ್ಷವೇ ಅದು ಅಜಿನೊಮೊಟೊ ಹೆಸರಲ್ಲಿ ಮಾರಾಟಕ್ಕೆ ಬಂತು. ಇದೇ ಗ್ಲುಟಮೇಟ್ ಟೊಮೆಟೊದಲ್ಲಿದೆ, ಅಣಬೆಯಲ್ಲಿದೆ, ಹಳೆಯ ಚೀಸ್‌ನಲ್ಲಂತೂ ಜಾಸ್ತಿಯೇ ಇದೆ. ಪಿಜ್ಜಾ ತಿಂದು ಬಂದು ಗ್ಲುಟಮೇಟ್‌ನಿಂದ ತಲೆನೋವು ಅಂದವರನ್ನು ನಾನು ಈವರೆಗೆ ನೋಡಿಲ್ಲ.

ಕೆಟ್ಟ ಹೆಸರು ಬಂದದ್ದು 1968ರಲ್ಲಿ. ರಾಬರ್ಟ್ ಹೋ ಮಾನ್ ಕ್ವಾಕ್ ಅನ್ನುವ ಅಮೆರಿಕದ ವೈದ್ಯರು ಒಂದು ವೈದ್ಯಕೀಯ ಪತ್ರಿಕೆಗೆ ಪುಟ್ಟ ಪತ್ರ ಬರೆದರು. ಚೈನೀಸ್ ಹೋಟೆಲಲ್ಲಿ ಉಂಡ ಮೇಲೆ ಕತ್ತಿನ ಹಿಂದೆ ಜೋಮು, ಎದೆಬಡಿತ ಆಗುತ್ತದೆ, ಕಾರಣ ಏನಿರಬಹುದು ಅಂತ ಕೇಳಿದ್ದರು. ಸೋಯಾ ಸಾಸ್ ಇರಬಹುದು, ಅಡುಗೆಗೆ ಹಾಕುವ ವೈನ್ ಇರಬಹುದು, ಅಜಿನೊಮೊಟೊ ಇರಬಹುದು, ಉಪ್ಪು ಜಾಸ್ತಿ ಇರುವುದರಿಂದಲೂ ಇರಬಹುದು ಅಂತ ಅವರೇ ಊಹೆಗಳನ್ನು ಪಟ್ಟಿ ಮಾಡಿದ್ದರು. ಪತ್ರಿಕೆ ಅದಕ್ಕೆ "ಚೈನೀಸ್ ರೆಸ್ಟೋರೆಂಟ್ ಸಿಂಡ್ರೋಮ್" ಅಂತ ತಲೆಬರಹ ಕೊಟ್ಟಿತು. ನಾಲ್ಕು ಊಹೆಗಳಲ್ಲಿ ಜನರ ನೆನಪಲ್ಲಿ ಉಳಿದದ್ದು ಒಂದೇ. ಒಂದು ಜನಾಂಗದ ಅಡುಗೆಯನ್ನೇ ರೋಗದ ಹೆಸರು ಮಾಡಿದ ಈ ಮಾತಿಗೆ ಆಕ್ಷೇಪ ಎದ್ದು, ಮೆರಿಯಮ್ ವೆಬ್‌ಸ್ಟರ್ ನಿಘಂಟು 2020ರಲ್ಲಿ ತನ್ನ ವಿವರಣೆಯನ್ನು ತಿದ್ದಿತು.

ಹಾಗಾದರೆ ಏನೂ ಆಗುವುದೇ ಇಲ್ಲವೇ? ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಫ್‌ಡಿಎಗಾಗಿ ಸ್ವತಂತ್ರ ವಿಜ್ಞಾನಿಗಳು ತಯಾರಿಸಿದ ವರದಿ 1990ರ ದಶಕದಲ್ಲಿ ಬಂತು. ಊಟವಿಲ್ಲದೆ ಬರೀ 3 ಗ್ರಾಂ ಅಥವಾ ಹೆಚ್ಚು ಅಜಿನೊಮೊಟೊ ತೆಗೆದುಕೊಂಡರೆ ಕೆಲವರಿಗೆ ತಲೆನೋವು, ಮುಖ ಬಿಸಿಯಾಗುವುದು, ಜೋಮು ಆಗಬಹುದು, ಸ್ವಲ್ಪ ಹೊತ್ತಲ್ಲಿ ಹೋಗುತ್ತದೆ ಅಂತ ಅದು ಹೇಳಿತು. ಅಜಿನೊಮೊಟೊ ಹಾಕಿದ ಅಡುಗೆಯ ಒಂದು ಪಾಲಿನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಮಿಗಿಂತ ಕಡಿಮೆ ಇರುತ್ತದೆ. ಪ್ರತಿ ಸಲವೂ ನಿಮಗೆ ಹಾಗೇ ಆಗುತ್ತದೆ ಅಂದರೆ ಬಿಟ್ಟುಬಿಡಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಅದನ್ನು ಬೈದುಕೊಂಡು ನಿಜವಾದ ಕಾರಣವನ್ನು ನೋಡದೆ ಬಿಡಬಾರದು ಅಷ್ಟೇ.

ಬಾಯಾರಿಕೆಗೂ ಕಾಲು ಊದಿದ್ದಕ್ಕೂ ಮೊದಲು ಅನುಮಾನ ಪಡಬೇಕಾದ್ದು ಉಪ್ಪನ್ನು. ಅಡುಗೆ ಉಪ್ಪಿನಲ್ಲಿ ನೂರಕ್ಕೆ 39 ಪಾಲು ಸೋಡಿಯಂ, ಅಜಿನೊಮೊಟೊದಲ್ಲಿ 12 ಪಾಲು. ಸೋಯಾ ಸಾಸ್ ಒಂದು ದೊಡ್ಡ ಚಮಚಕ್ಕೆ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಅಮೆರಿಕದಲ್ಲಿ ದೊಡ್ಡವರಿಗೆ ಹೇಳುವ ದಿನದ ಮಿತಿಯೇ 2300 ಮಿಲಿಗ್ರಾಂ. ಒಂದು ಬಟ್ಟಲು ಸೂಪ್, ಸಾಸ್‌ನಲ್ಲಿ ಮುಳುಗಿದ ಚಿಕನ್, ನೂಡಲ್ಸ್, ಅದರ ಮೇಲೆ ಟೇಬಲ್ ಮೇಲಿನ ಸೋಯಾ ಸಾಸ್. ಎರಡನೇ ಪ್ಲೇಟಿಗೇ ದಿನದ ಲೆಕ್ಕ ಮುಗಿದಿರುತ್ತದೆ. ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಆ ನೀರು ಕಾಲಿಗೆ ಇಳಿಯುತ್ತದೆ. ಏರಿದ ಶುಗರ್ ಕೂಡ ಬಾಯಾರಿಸುತ್ತದೆ. ಒಂದೆರಡು ದಿನದಲ್ಲಿ ಊತ ಇಳಿದಿದ್ದರೆ ಅಲ್ಲಿಗೆ ಬಿಡಬಹುದು. ಇಳಿಯಲೇ ಇಲ್ಲ, ಒಂದೇ ಕಾಲು ಊದಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು ಅಂದರೆ ಅದು ಬಫೆಯ ವಿಷಯವಲ್ಲ. ತಡಮಾಡದೆ ತೋರಿಸಬೇಕು.

ಶುಗರ್ 230 ಆದದ್ದಕ್ಕೆ ಐಸ್‌ಕ್ರೀಮ್ ಒಂದನ್ನೇ ಬೈಯಬೇಡಿ. ಅಮೆರಿಕದ ಬಫೆಯ ಜನರಲ್ ಟ್ಸೋ ಚಿಕನ್, ಆರೆಂಜ್ ಚಿಕನ್, ಸ್ವೀಟ್ ಅಂಡ್ ಸೋರ್ ಇವೆಲ್ಲ ಖಾರದ ಕೌಂಟರಲ್ಲಿ ಕೂತಿರುವ ಸಿಹಿಗಳು. ಹಿಟ್ಟಿನಲ್ಲಿ ಅದ್ದಿ ಕರಿದು, ಸಕ್ಕರೆ ಮತ್ತು ಕಾರ್ನ್‌ಫ್ಲೋರ್ ಹಾಕಿದ ಸಾಸ್‌ನಲ್ಲಿ ಹೊರಳಿಸಿರುತ್ತಾರೆ. ಜೊತೆಗೆ ಅನ್ನ, ನೂಡಲ್ಸ್. ಎಣ್ಣೆ ಜಾಸ್ತಿ ಇದ್ದಾಗ ಜೀರ್ಣ ನಿಧಾನ, ಹಾಗಾಗಿ ಶುಗರ್ ತಡವಾಗಿ ಏರಿ ಬಹಳ ಹೊತ್ತು ಇಳಿಯುವುದಿಲ್ಲ. ಊಟವಾಗಿ ಎರಡು ಗಂಟೆಗೆ ನೋಡಿದಾಗ ಪರವಾಗಿಲ್ಲ ಅನಿಸಿದ್ದು ಬೆಳಿಗ್ಗೆ ಗಾಬರಿ ಹುಟ್ಟಿಸುವುದು ಹೀಗೆ.

ನಾಲ್ಕು ಪ್ಲೇಟ್ ಹೋಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಒಂದೇ ರುಚಿ ತಿನ್ನುತ್ತಾ ಹೋದರೆ ಸಾಕು ಅನಿಸುತ್ತದೆ, ಹೊಸ ರುಚಿ ಬಂದರೆ ಹೊಟ್ಟೆಯಲ್ಲಿ ಮತ್ತೆ ಜಾಗ ಆಗುತ್ತದೆ. ಆಹಾರ ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ನೂರು ಬಗೆ ಇಟ್ಟಿರುವ ಕಡೆ ಸಾಕು ಅನಿಸುವುದು ತಡವಾಗಿಯೇ. ದಪ್ಪ ಇರುವವರು ಚೈನೀಸ್ ಬಫೆಯಲ್ಲಿ ಟ್ರೇಗಳ ಹತ್ತಿರ ಕೂರುತ್ತಾರೆ, ಚಾಪ್‌ಸ್ಟಿಕ್ ಮುಟ್ಟುವುದಿಲ್ಲ ಅಂತೆಲ್ಲ ಒಂದು ಅಧ್ಯಯನದ ಮಾತನ್ನು ನೀವು ಕೇಳಿರಬಹುದು. ಅದು ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯಾನ್ ವಾನ್ಸಿಂಕ್ ತಂಡದ್ದು. ಅವರ ಬೇರೆ ಹಲವು ಪ್ರಬಂಧಗಳನ್ನು ಪತ್ರಿಕೆಗಳು ಆಮೇಲೆ ವಾಪಸ್ ಪಡೆದವು. ಹಾಗಾಗಿ ಚಾಪ್‌ಸ್ಟಿಕ್ ಹಿಡಿಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಈಗ ಮಗುವಿನ ವಿಷಯ. ದೂರದಲ್ಲಿ ಕೂತು ಇದೇ ಕಾರಣ ಅಂತ ಹೇಳಲಾಗದು. ಆರು ವರ್ಷದ ಹುಡುಗ ಅನ್ನದ ಮೇಲೆ ಐಸ್‌ಕ್ರೀಮ್ ತುಂಬಿಕೊಂಡು ಓಡಾಡಿದರೂ ವಾಂತಿಯಾಗುತ್ತದೆ. ಆದರೆ ಮೂರು ಗಂಟೆ ಅನ್ನುವ ಲೆಕ್ಕ ಒಂದು ಸುಳಿವು ಕೊಡುತ್ತದೆ. ನೋರೋವೈರಸ್ ಆಗಿದ್ದರೆ ಸಾಮಾನ್ಯವಾಗಿ 12ರಿಂದ 48 ಗಂಟೆ ಬೇಕು, ಸಾಲ್ಮೊನೆಲ್ಲಾಗೆ ಕನಿಷ್ಠ ಆರು ಗಂಟೆ. ಒಂದರಿಂದ ಆರು ಗಂಟೆಯೊಳಗೆ ವಾಂತಿಯಾಗಿ ದಿನದೊಳಗೆ ಸರಿಹೋದರೆ, ಆಹಾರದಲ್ಲಿ ಮೊದಲೇ ತಯಾರಾಗಿದ್ದ ವಿಷ ಇರಬಹುದು ಅಂತ ನಾವು ಅನುಮಾನಿಸುತ್ತೇವೆ. ಅನ್ನ ತಿಂದಿದ್ದರೆ ಮೊದಲ ಅನುಮಾನ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಮೇಲೆ.

ಇದರ ಬೀಜಾಣುಗಳು ಅಕ್ಕಿಯ ಜೊತೆಗೇ ಬರುತ್ತವೆ. ಅನ್ನ ಬೆಂದರೂ ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗೆ ಗಂಟೆಗಟ್ಟಲೆ ಹೊರಗೆ ಕೂತರೆ ಮೊಳೆತು ಬೆಳೆದು ವಿಷ ಬಿಡುತ್ತವೆ. ಆ ವಿಷ ಎಂಥ ಗಟ್ಟಿ ಅಂದರೆ ಆಮೇಲೆ ಬಾಣಲೆಯಲ್ಲಿ ಎಷ್ಟು ಹುರಿದರೂ ಹೋಗುವುದಿಲ್ಲ. ಫ್ರೈಡ್ ರೈಸ್‌ಗೆ ಬಾಣಸಿಗರು ಹಿಂದಿನ ದಿನದ ಅನ್ನವನ್ನೇ ಇಷ್ಟಪಡುತ್ತಾರೆ, ಅಗುಳು ಬಿಡಿಬಿಡಿಯಾಗಿ ಬರುತ್ತದೆ. ಅದು ತಪ್ಪಲ್ಲ. ರಾತ್ರಿ ಆ ಅನ್ನ ಎಲ್ಲಿತ್ತು ಅನ್ನುವುದು ಮುಖ್ಯ. 1970ರ ದಶಕದಲ್ಲಿ ಬ್ರಿಟನ್ನಿನ ಚೈನೀಸ್ ಹೋಟೆಲುಗಳಲ್ಲಿ ಇಂಥ ಪ್ರಕರಣಗಳು ಸಾಲಾಗಿ ಬಂದಾಗ ಗುಟ್ಟು ಗೊತ್ತಾದದ್ದು ಹೀಗೇ.

ತಪಾಸಣೆಗೆ ಹೋದಾಗ ನಾನು ಮೊದಲು ನೋಡುತ್ತಿದ್ದದ್ದು ಅನ್ನದ ಪಾತ್ರೆಯನ್ನು. ಒಂದು ಬೆಳಿಗ್ಗೆ ಆಳೆತ್ತರದ ಕೋಲ್ಡ್ ರೂಮಿನಲ್ಲಿ ಇಟ್ಟಿದ್ದ ದೊಡ್ಡ ಹಂಡೆಯಂಥ ಪಾತ್ರೆಗೆ ಥರ್ಮಾಮೀಟರ್ ಇಳಿಸಿದೆ. ಮೇಲೆ ಐಸಿನಷ್ಟು ತಣ್ಣಗಿತ್ತು. ನಡುವೆ ಇನ್ನೂ ಬೆಚ್ಚಗಿತ್ತು! ರಾತ್ರಿಯೇ ಫ್ರಿಜ್ಜಿಗೆ ಇಟ್ಟಿದ್ದೆ ಅಂತ ಬಾಣಸಿಗ ಹೇಳಿದ್ದು ನಿಜವೇ. ಆದರೆ ಅಷ್ಟು ಆಳದ ಅನ್ನ ರಾತ್ರಿಯೆಲ್ಲ ಇಟ್ಟರೂ ತಣಿಯುವುದಿಲ್ಲ. ಅದನ್ನು ಎರಡು ಇಂಚು ಎತ್ತರದ ಟ್ರೇಗಳಿಗೆ ಹರಡಬೇಕು. ನಿಯಮ ಇರುವುದೂ ಹಾಗೆ: ಬಿಸಿ ಅಡುಗೆ ಎರಡು ಗಂಟೆಯಲ್ಲಿ 57 ಡಿಗ್ರಿ ಸೆಲ್ಸಿಯಸ್‌ನಿಂದ 21ಕ್ಕೆ ಇಳಿಯಬೇಕು, ಮುಂದಿನ ನಾಲ್ಕು ಗಂಟೆಯಲ್ಲಿ 5ಕ್ಕೆ. ಇದು ಎಫ್‌ಡಿಎ ಫುಡ್ ಕೋಡ್‌ನಲ್ಲಿದೆ, ಬಹುತೇಕ ರಾಜ್ಯಗಳ ನಿಯಮಗಳು ಅದರ ಮೇಲೇ ನಿಂತಿವೆ.

ಮತ್ತೆ ಇಂಥ ವಾಂತಿ ಶುರುವಾದರೆ ಮಗುವಿಗೆ ಓಆರ್‌ಎಸ್ ನೀರನ್ನು ಚಮಚ ಚಮಚವಾಗಿ ಕೊಡಿ. ಎಂಟು ಗಂಟೆ ಮೂತ್ರವೇ ಆಗಲಿಲ್ಲ, ರಕ್ತ ಕಂಡಿತು, ತೂಕಡಿಸುವ ಹಾಗೆ ಮಂಕಾಗಿದ್ದಾನೆ ಅಂದರೆ ಡಾಕ್ಟರ್ ಹತ್ತಿರ ಹೋಗಿ. ಕೌಂಟಿ ಆರೋಗ್ಯ ಇಲಾಖೆಗೂ ಒಂದು ಫೋನ್ ಮಾಡಿ. ಒಂದೇ ಹೋಟೆಲಿನ ಮೇಲೆ ಎರಡು ಮೂರು ದೂರು ಬಂದಾಗಲೇ ಅವರಿಗೆ ವಿಷಯ ಗೊತ್ತಾಗುವುದು.

ನಿನ್ನೆಯ ಟ್ರೇ ಮಾತಿಗೆ ಬರುತ್ತೇನೆ. ಗಿರಾಕಿಯ ಪ್ಲೇಟಿನಿಂದ ವಾಪಸ್ ಬಂದದ್ದನ್ನು ಮತ್ತೆ ಇಡುವಂತಿಲ್ಲ. ಆದರೆ ಅಡುಗೆಮನೆಯಲ್ಲಿ ಸರಿಯಾಗಿ ತಣಿಸಿ ಇಟ್ಟದ್ದನ್ನು 74 ಡಿಗ್ರಿಗೆ ಕಾಯಿಸಿ ಮತ್ತೆ ಬಡಿಸಲು ನಿಯಮದಲ್ಲೇ ಅವಕಾಶವಿದೆ. ನಿನ್ನೆಯದು ಅನ್ನುವುದು ಅಷ್ಟಕ್ಕೇ ಅಪಾಯವಲ್ಲ. ಉಗುರುಬೆಚ್ಚಗೆ ಕೂತದ್ದು ಅಪಾಯ. ಕೌಂಟರಿನಲ್ಲಿ ಟ್ರೇ ಕೆಳಗೆ ಬಿಸಿನೀರು ಇರುತ್ತದಲ್ಲ, ಅದು ಬಿಸಿ ಉಳಿಸಲು ಇರುವುದು, ಬಿಸಿ ಮಾಡಲು ಅಲ್ಲ. ತಣ್ಣಗೆ ತಂದಿಟ್ಟದ್ದು ಅಲ್ಲಿ ಬೆಚ್ಚಗಾಗುತ್ತದೆ ಅಷ್ಟೆ. ಟ್ರೇಯಲ್ಲಿ 57 ಡಿಗ್ರಿ ಇರಬೇಕು, ಅಂದರೆ ಬಾಯಿಗೆ ಇಟ್ಟರೆ ಬಿಸಿ ಅಂತ ಗೊತ್ತಾಗಲೇಬೇಕು. ತಣ್ಣನೆಯ ಪದಾರ್ಥ 5 ಡಿಗ್ರಿಯಲ್ಲಿರಬೇಕು. ಐಸ್ ಮೇಲೆ ಇಟ್ಟ ಸೀಗಡಿ ಐಸ್ ಕರಗಿ ನೀರಲ್ಲಿ ತೇಲುತ್ತಿದ್ದರೆ ಮುಂದೆ ನಡೆಯಿರಿ.

ಹೊತ್ತು ಬಹಳ ಮುಖ್ಯ. ಜನ ತುಂಬಿರುವಾಗ ಹೋಗಿ, ಟ್ರೇ ಬೇಗ ಬೇಗ ಖಾಲಿಯಾಗಿ ಹೊಸದು ಬರುತ್ತಿರುತ್ತದೆ. ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ರೇಟು ಕಡಿಮೆ ಅಂತ ಹೋಗುವವರಿದ್ದಾರೆ. ಆಗ ಊಟ ಮುಗಿದಿರುತ್ತದೆ, ರಾತ್ರಿಯದು ಶುರುವಾಗಿರುವುದಿಲ್ಲ, ಟ್ರೇಗಳು ಸುಮ್ನೆ ಕೂತಿರುತ್ತವೆ. ನಾನಂತೂ ಆ ಹೊತ್ತಿಗೆ ಹೋಗುವುದಿಲ್ಲ. ಹಳೆಯ ಟ್ರೇಗೇ ಹೊಸದನ್ನು ಸುರಿಯುತ್ತಿದ್ದಾರಾ, ಇಲ್ಲ ಟ್ರೇಯನ್ನೇ ಬದಲಿಸುತ್ತಿದ್ದಾರಾ ಅಂತ ಒಂದು ನಿಮಿಷ ನೋಡಿ. ಎಲ್ಲರೂ ಹಿಡಿಯುವ ಸೌಟು ಹಿಡಿದ ಮೇಲೆ, ತಿನ್ನುವ ಮೊದಲು, ಕೈ ತೊಳೆಯಿರಿ. ಎರಡನೇ ಸಲಕ್ಕೆ ಹೊಸ ಪ್ಲೇಟ್ ತೆಗೆದುಕೊಳ್ಳಿ. ಅದು ಮರ್ಯಾದೆಯ ಮಾತಷ್ಟೇ ಅಲ್ಲ, ನಿಯಮವೂ ಹೌದು. ಹೊರಡುವ ಮೊದಲು ಆ ಹೋಟೆಲಿನ ತಪಾಸಣೆ ವರದಿಯನ್ನು ಹುಡುಕಿ, ಬಹಳಷ್ಟು ಕೌಂಟಿಗಳು ಅದನ್ನು ಇಂಟರ್ನೆಟ್‌ನಲ್ಲಿ ಹಾಕುತ್ತವೆ. ನೆಲದ ಟೈಲ್ ಒಡೆದಿದೆ ಅನ್ನುವಂಥದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬಿಸಿ, ತಣಿಸುವಿಕೆ, ಕೈ ತೊಳೆಯುವುದು ಈ ಮೂರರಲ್ಲಿ ಮತ್ತೆ ಮತ್ತೆ ತಪ್ಪು ಬಂದಿದ್ದರೆ ಬೇರೆ ಜಾಗ ನೋಡಿ.

ಹಾಗಾದರೆ ಹೋಗಬಹುದಾ? ಹೋಗಬಹುದು ಅಂತಲೇ ನನ್ನ ಉತ್ತರ, ಡಾಕ್ಟರ್ ಹತ್ತಿರ ಮಾತಾಡಿದ ಮೇಲೆ. ರಾತ್ರಿ ಹೋಗುವುದಾದರೆ ಬೆಳಿಗ್ಗೆ, ಮಧ್ಯಾಹ್ನ ಎಂದಿನಂತೆ ಉಂಡಿರಲಿ. ಸಾಧ್ಯವಾದರೆ ರಾತ್ರಿಯ ಬದಲು ಮಧ್ಯಾಹ್ನವೇ ಹೋಗಿ, ಆಮೇಲೆ ನಡೆದಾಡಲು ಹೊತ್ತಿರುತ್ತದೆ. ಮೊದಲ ಸುತ್ತು ಪ್ಲೇಟ್ ಹಿಡಿಯದೆ ಸುಮ್ನೆ ನೋಡಿಕೊಂಡು ಬರಲಿ. ಆಮೇಲೆ ಅರ್ಧ ಪ್ಲೇಟ್ ಬ್ರೊಕೋಲಿ, ಬೀನ್ಸ್, ಅಣಬೆಯಂಥದ್ದು, ಕಾಲು ಭಾಗ ಕರಿಯದ ಚಿಕನ್ ಅಥವಾ ಮೀನು, ಕಾಲು ಭಾಗ ಅನ್ನ ಇಲ್ಲವೇ ನೂಡಲ್ಸ್. ತರಕಾರಿ, ಚಿಕನ್ ಮೊದಲು ತಿಂದು ಅನ್ನ ಕೊನೆಗೆ ತಿಂದರೆ ಶುಗರ್ ಅಷ್ಟು ಏರುವುದಿಲ್ಲ. ಸಾಸನ್ನು ಟ್ರೇಯಲ್ಲೇ ಸೋರಿಸಿ ಬಿಡಲಿ, ಸೂಪ್ ಬೇಡ. ಎರಡನೇ ಪ್ಲೇಟ್ ಇಷ್ಟವಾದದ್ದಕ್ಕೆ, ಚಿಕ್ಕದಾಗಿ. ಆರೆಂಜ್ ಚಿಕನ್ನೇ ಇಷ್ಟ ಅಂದರೆ ಎರಡು ತುಂಡು ತಿನ್ನಲಿ, ಅದಕ್ಕೆ ಅನ್ನದಲ್ಲಿ ಕಡಿಮೆ ಮಾಡಿಕೊಳ್ಳಲಿ. ಇಷ್ಟೆಲ್ಲ ಮಾಡಿದರೂ ಶುಗರ್ ಮಾಮೂಲಿಗಿಂತ ಏರಬಹುದು, ಅದನ್ನು ತಿಳಿದೇ ಹೋಗಬೇಕು. ಒಂದನ್ನು ಮಾತ್ರ ಖಡಾಖಂಡಿತವಾಗಿ ಬೇಡ ಅನ್ನುತ್ತೇನೆ: ಹಸಿ ಆಯಿಸ್ಟರ್, ಅಂದರೆ ಚಿಪ್ಪಿನೊಳಗಿನ ಸಮುದ್ರಜೀವಿ. ಅದರಲ್ಲಿರಬಹುದಾದ ವಿಬ್ರಿಯೋ ಬ್ಯಾಕ್ಟೀರಿಯಾ ಶುಗರ್ ಮತ್ತು ಲಿವರ್ ತೊಂದರೆ ಇರುವವರಿಗೆ ಜೀವಕ್ಕೇ ಅಪಾಯ ತರಬಹುದು.

ಇನ್ನೊಂದು ದಾರಿ, ಬಫೆ ಬಿಟ್ಟು ಮೆನು ನೋಡಿ ಆರ್ಡರ್ ಮಾಡುವ ಚೈನೀಸ್ ಹೋಟೆಲಿಗೆ ಹೋಗುವುದು. ಬಿಸಿಬಿಸಿ ಬರುತ್ತದೆ, ಸಾಸ್ ಬೇರೆ ಕೊಡಿ ಅನ್ನಬಹುದು. ಉಪ್ಪು ಅಲ್ಲೂ ಕಡಿಮೆಯೇನಲ್ಲ. ನಿಮ್ಮ ಮಾವನವರ ಖುಷಿ ಇರುವುದು ಆ ನೂರು ಟ್ರೇಗಳ ನಡುವೆ ಓಡಾಡುವುದರಲ್ಲಿ ಅನಿಸುತ್ತದೆ, ಒಪ್ಪುತ್ತಾರೋ ಇಲ್ಲವೋ.

ಅತ್ತೆಯವರ ಕಷ್ಟ ನಿಜವಾದದ್ದು. ಬೋರ್ಡಿನಲ್ಲಿ ವೆಜಿಟೆಬಲ್ ಅಂತ ಇದ್ದರೂ ಅದಕ್ಕೆ ಆಯಿಸ್ಟರ್ ಸಾಸ್, ಚಿಕನ್ ಪುಡಿ, ಮಾಂಸದ ಸ್ಟಾಕ್ ಹಾಕಿರಬಹುದು. ಬೀನ್ಸ್ ಪಲ್ಯದಲ್ಲಿ, ಮಾಪೋ ತೋಫು ಅನ್ನುವ ಸೋಯಾ ಪನೀರಿನ ಖಾದ್ಯದಲ್ಲಿ ಹಂದಿಮಾಂಸದ ಚೂರು ಇರುವುದು ಮಾಮೂಲಿ. ವೆಜ್ ರೋಲ್ ಕರಿಯುವುದು ಎಷ್ಟೋ ಕಡೆ ಸೀಗಡಿ ಕರಿದ ಎಣ್ಣೆಯಲ್ಲೇ. ಸೌಟುಗಳಂತೂ ಒಂದು ಟ್ರೇಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತವೆ. ಶೇಂಗಾ, ಸೀಗಡಿ ಅಲರ್ಜಿ ಇರುವವರಿಗೆ ನಾನು ಬಫೆ ಬೇಡ ಅನ್ನುವುದೂ ಇದಕ್ಕೇ. ಎದುರಿಗೇ ಬೇಯಿಸಿ ಕೊಡುವ ಗ್ರಿಲ್ ಇದ್ದರೂ ಅದೇ ಕಲ್ಲಿನ ಮೇಲೆ ಎಲ್ಲವೂ ಬೇಯುತ್ತದೆ. ಬೇರೆ ಬಾಣಲೆಯಲ್ಲಿ ಮಾಡಿಕೊಡಿ ಅಂತ ಜನ ಕಡಿಮೆ ಇರುವಾಗ ಕೇಳಿದರೆ ಕೆಲವರು ಮಾಡಿಕೊಡುತ್ತಾರೆ. ಇಲ್ಲದಿದ್ದರೆ ಅವರಿಗೆ ಬಿಳಿ ಅನ್ನ, ಸಲಾಡ್, ಹಣ್ಣು ಅಷ್ಟೇ. ಅಷ್ಟಕ್ಕೆ ಪೂರ್ತಿ ರೇಟು ಕೊಡಿಸಿ ಅವರನ್ನು ಸುಮ್ಮನೆ ಕೂರಿಸುವುದಕ್ಕಿಂತ ಮೊದಲೇ ಫೋನ್ ಮಾಡಿ ಕೇಳುವುದು ಒಳ್ಳೆಯದು.

ಕೊನೆಗೆ ವಸೂಲಿ. ಮಾವನವರಿಗೆ ಲೆಕ್ಕದಲ್ಲೇ ಉತ್ತರ ಕೊಡಿ. ಬಫೆಯಲ್ಲಿ ಅನ್ನ, ನೂಡಲ್ಸ್, ಕರಿದ ಹಿಟ್ಟು ಮಾಲೀಕನಿಗೆ ಬಲು ಅಗ್ಗ. ಅವುಗಳಿಂದ ಹೊಟ್ಟೆ ತುಂಬಿಸಿಕೊಂಡವರಿಂದಲೇ ಅವನಿಗೆ ಲಾಭ. ತರಕಾರಿ, ಮೀನು, ಸೀಗಡಿ, ಏಡಿ ದುಬಾರಿ. ಶುಗರಿಗೆ ಒಳ್ಳೆಯದೂ ಅವೇ. ಈ ಮಾತು ನನ್ನ ಕೆಲವು ಹಟಮಾರಿ ಗಿರಾಕಿಗಳ ಹತ್ತಿರ ಡಾಕ್ಟರ್ ಚೀಟಿಗಿಂತ ಚೆನ್ನಾಗಿ ಕೆಲಸ ಮಾಡಿದೆ. ಮತ್ತೆ, ದುಡ್ಡು ಕೊಡುವಾಗ ಸೀನಿಯರ್ ರೇಟ್ ಇದೆಯಾ ಅಂತ ಕೇಳಿ. ಬಹಳ ಕಡೆ ಇರುತ್ತದೆ, ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ.